ನಮ್ಮನೆಯ ಇಫ್ತಾರಿಗೆ ಬಂದ ಬಾಟಲಿ

ಮನೆಯಿಂದ,
ಉಪವಾಸದ ತಿಂಗಳು, ಶನಿವಾರ ಬೆಳಿಗ್ಗೆ

ಪ್ರೀತಿಯ ನಿಮಗೆ,

ಸಲಾಮ್. ‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಬೇರೆ ಪದ ಹೊಳೆಯಲಿಲ್ಲ, ಇರಲಿ ಎಂದು ಬಿಟ್ಟಿದ್ದೇನೆ. ಹೇಗಿದ್ದೀರಿ? ಕೈ ನಡುಗುವುದು ಕಡಿಮೆಯಾಗಿದೆ, ಊಟ ಸೇರುತ್ತಿದೆ, ನಿದ್ದೆ ಮಾತ್ರ ಇನ್ನೂ ಸರಿಯಾಗಿ ಹತ್ತುತ್ತಿಲ್ಲ ಎಂದು ಅಲ್ಲಿಯ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಕುಡಿತ ಬಿಟ್ಟವರಿಗೆ ನಿದ್ದೆಯೇ ಎಲ್ಲಕ್ಕಿಂತ ಕೊನೆಗೆ ಮರಳಿ ಬರುವುದಂತೆ. ಅಲ್ಲಿ ನಿಮ್ಮ ಕೈಗೆ ಫೋನು ಕೊಡುವುದಿಲ್ಲ, ಪತ್ರಕ್ಕೆ ಅಡ್ಡಿಯಿಲ್ಲ ಎಂದರು. ಅದಕ್ಕೇ ಈ ಕಾಗದ. ಮಾತ್ರೆ ನಡೆಯುತ್ತಿರುವಾಗ ಉಪವಾಸ ಹಿಡಿಯುವುದು ಬೇಡ ಎಂದು ಅವರು ಹೇಳಿದ್ದನ್ನು ಕೇಳಿ ಅತ್ತೆ, “ಅವನ ಪಾಲಿಂದೂ ನಾನೇ ಹಿಡೀತೀನಿ ಬಿಡು” ಎಂದರು. ಅದು ಹಾಗೆಲ್ಲ ಜಮೆ ಆಗುವುದಿಲ್ಲ ಎಂದು ನಿಮ್ಮ ತಂಗಿ ತಿಳಿಸಿ ಹೇಳಲು ಹೋಗಿ, “ಲೆಕ್ಕ ಇಡೋನು ನೀನಲ್ವಲ್ಲ” ಎಂದು ಅನ್ನಿಸಿಕೊಂಡಳು. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮ ಕನ್ನಡಕದ ಅಂಗಡಿಯ ಮಾಲೀಕರು ಒಂದು ಸಲ ಬಂದು ಹೋದರು. ಗಾಜು ಉಜ್ಜುವ ನಿಮ್ಮ ಕುರ್ಚಿಯಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲವಂತೆ.

ನಿನ್ನೆ ನಮ್ಮ ಮನೆಯಲ್ಲಿ ಇಫ್ತಾರ್ ಕೂಟ ಇಟ್ಟುಕೊಂಡಿದ್ದೆ. ಹುಬ್ಬೇರಿಸಬೇಡಿ, ನಿಮ್ಮನ್ನು ಕೇಳದೆ ಮಾಡಿದೆ ಎಂದು. ಕೇಳುವ ಹಾಗೆ ನೀವೂ ಇರಲಿಲ್ಲ. ನಮ್ಮ ಹೊಲಿಗೆ ಕಾರ್ಖಾನೆಯ ಗುಂಡಿ ಅಜ್ಜಿ ನಿಮಗೆ ಗೊತ್ತು, ನಾನು ಕತ್ತರಿಸಿದ ಬಟ್ಟೆಗೆಲ್ಲ ಗುಂಡಿ ಹಚ್ಚುವವರು. ಕಣ್ಣು ಸಾಲದು ಎಂದು ಈ ತಿಂಗಳು ಕೆಲಸ ಬಿಡುತ್ತಿದ್ದಾರೆ. ಅಲ್ಲಿ ಯಾರನ್ನು ಬೀಳ್ಕೊಡುವುದಿದ್ದರೂ ಎದುರಿನ ಹೋಟೆಲಿನ ಆ ಮಬ್ಬು ಕೋಣೆಯಲ್ಲಿಯೇ. ಮೊದಲ ಸುತ್ತಿನ ಗ್ಲಾಸುಗಳು ಬರುವವರೆಗೆ ಭಾಷಣ, ಆಮೇಲೆ ನಗು, ಇನ್ನೂ ಆಮೇಲೆ ಜಗಳ. ನಾನು ನಿಂಬೆರಸ ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತು, ಎರಡನೇ ಸುತ್ತಿಗೆ ಮೊದಲೇ ಎದ್ದು ಬರುತ್ತಿದ್ದೆ. ಈ ಸಲ ಅಜ್ಜಿಯೇ, “ಆ ಕತ್ತಲೇಲಿ ತಟ್ಟೇಲಿ ಏನಿದೆ ಅಂತಾನೇ ನಂಗೆ ಕಾಣಲ್ಲ, ಬೇರೆ ಎಲ್ಲಾದ್ರೂ ಇಡ್ರಪ್ಪಾ” ಎಂದರು. ನನ್ನ ಬಾಯಿಂದ, “ನಮ್ಮನೇಗೆ ಬನ್ನಿ, ಶುಕ್ರವಾರ ಸಂಜೆ, ನಮ್ಮ ಉಪವಾಸ ಬಿಡೋ ಹೊತ್ತಿಗೆ. ಕುಡಿಯೋಕೆ ಮಾತ್ರ ಶರಬತ್ತೇ” ಎಂದು ಬಂದುಬಿಟ್ಟಿತು. ಎಲ್ಲರೂ ಬರುವುದಾಗಿ ಹೇಳಿದರು. ಆಶ್ಚರ್ಯವೆಂದರೆ ಎಣ್ಣೆಡಬ್ಬಿಯೂ. ಅವರು ನಮ್ಮ ಮೆಷಿನ್ ರಿಪೇರಿಯವರು, ಯಾವಾಗ ನೋಡಿದರೂ ಎಣ್ಣೆಯ ಡಬ್ಬಿ ಕೈಯಲ್ಲಿ, ಹಾಗಾಗಿ ಆ ಹೆಸರು. ಹೋಟೆಲಿನ ಕೂಟಕ್ಕೆ ಒಂದು ದಿನವೂ ಬಂದವರಲ್ಲ. ತಲಾ ಇಷ್ಟು ಹಾಕಬೇಕಲ್ಲ ಎಂದು ತಪ್ಪಿಸಿಕೊಳ್ಳುವ ಜಿಪುಣ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. “ಊಟ ಪುಕ್ಕಟೆ ಅಂದ ತಕ್ಷಣ ಡಬ್ಬಿ ಉರುಳ್ಕೊಂಡು ಬಂತು ನೋಡು” ಎಂದು ನಮ್ಮಲ್ಲಿ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯಾಕೆ ನನ್ನ ಕಿವಿಯಲ್ಲಿ ಹೇಳಿದಳು. ನಾನೂ ನಕ್ಕೆ.

ಕಷ್ಟವಾದದ್ದು ಅತ್ತೆಯನ್ನು ಒಪ್ಪಿಸುವುದು. ನೀವು ಹೋದಾಗಿನಿಂದ ಅವರು ಬೀದಿಗೆ ಇಳಿದಿಲ್ಲ. ಯಾರು ಕೇಳಿದರೂ, ಮಗ ಹೊಸ ಯಂತ್ರದ ತರಬೇತಿಗೆ ಬೇರೆ ಊರಿಗೆ ಹೋಗಿದ್ದಾನೆ ಎಂಬ ಒಂದೇ ಮಾತು. ಆ ಮಾತನ್ನು ಬಾಗಿಲ ಸಂದಿಯಿಂದ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಉಡುವ ಬಟ್ಟೆಯೂ ಹಾಗೆಯೇ ಆಗಿತ್ತು. ಬಣ್ಣ ಹೋದ ಆ ಒಂದೇ ಮನೆಯಂಗಿ, ಅದರ ಮೇಲೊಂದು ಹೇಗೋ ಸುತ್ತಿದ ದುಪಟ್ಟಾ. ಒಂದು ಕಾಲದಲ್ಲಿ ದುಪಟ್ಟಾದ ಅಂಚಿಗೂ ಚಪ್ಪಲಿಗೂ ಬಣ್ಣ ಹೊಂದಿಸದೆ ಹೊಸಿಲು ದಾಟದ ಹೆಂಗಸು, ನಿಮಗೇ ಗೊತ್ತು. “ನಾಲ್ಕು ಜನ ಬರ್ತಾರಾ? ಬರ್ಲಿ. ನಾನು ಒಳಗಿನ ರೂಮಲ್ಲಿ ಇರ್ತೀನಿ” ಎಂದರು. ನಾನು ವಾದ ಮಾಡಲಿಲ್ಲ. ಕಾರ್ಖಾನೆಯಲ್ಲಿ ತುಂಡಾಗಿ ಉಳಿದಿದ್ದ ಬೂದಿನೀಲಿ ಬಟ್ಟೆಯನ್ನು ಅಲ್ಲಿಯ ಯಜಮಾನಿಯಿಂದ ಕೇಳಿ ತಂದು, ಅಡುಗೆಮನೆಯ ನೆಲದಲ್ಲಿ ಹಾಸಿ ಒಂದು ಉದ್ದ ಮೇಲಂಗಿ ಕತ್ತರಿಸಿದೆ. ಪಾದದವರೆಗೆ ಇಳಿಯುತ್ತದೆ, ಎಲ್ಲೂ ಮೈಗೆ ಅಂಟುವುದಿಲ್ಲ, ಆದರೆ ಭುಜ ಮಾತ್ರ ಅಳತೆಗೆ ಸರಿಯಾಗಿ ಕೂರುತ್ತದೆ. ಭುಜ ಸರಿಯಿದ್ದರೆ ಉಳಿದದ್ದೆಲ್ಲ ಸಡಿಲವಿದ್ದರೂ ಗೋಣಿಚೀಲದ ಹಾಗೆ ಕಾಣುವುದಿಲ್ಲ. ಬೆನ್ನಿಗೆ ಒಂದು ನೆರಿಗೆ ಬಿಟ್ಟಿದ್ದೇನೆ, ನಡೆದಾಗ ಬಿಚ್ಚಿಕೊಳ್ಳುತ್ತದೆ, ನಿಂತರೆ ಮುಚ್ಚಿಕೊಳ್ಳುತ್ತದೆ. ತೋಳಿನ ಒಳಗೆ ಎಲಾಸ್ಟಿಕ್ಕಿನ ಒಳತೋಳು, ಬಡಿಸುವಾಗ ಮೇಲಿನ ತೋಳು ಜಾರಿದರೂ ಕೈ ಕಾಣುವುದಿಲ್ಲ. “ಈ ವಯಸ್ಸಲ್ಲಿ ನಂಗೆ ನೆರಿಗೆ ಗಿರಿಗೆ ಎಲ್ಲಾ ಯಾಕಮ್ಮಾ” ಎಂದು ಹಾಕಿಕೊಂಡರು. ಆಮೇಲೆ ಅಳತೆ ನೋಡುವ ನೆಪದಲ್ಲಿ ಕನ್ನಡಿಗೆ ಬೆನ್ನು ಮಾಡಿ ನಿಂತು, ಕುತ್ತಿಗೆ ತಿರುಗಿಸಿ ನೋಡಿಕೊಂಡರು. ಎರಡು ಹೆಜ್ಜೆ ನಡೆದು ಮತ್ತೆ ನೋಡಿಕೊಂಡರು. “ಇದಕ್ಕೆ ಆ ಹಾಲುಬಣ್ಣದ ದುಪಟ್ಟಾ ಆಗುತ್ತಾ, ಇಲ್ಲಾ ಸಪ್ಪೆ ಆಗುತ್ತಾ?” ಎಂದು ಕೇಳಿದಾಗ, ಒಳಗಿನ ರೂಮಿನ ಮಾತು ಮುಗಿಯಿತು ಎಂದುಕೊಂಡೆ. ಹೊಲಿಗೆಯಿಂದ ಆಗುವ ಕೆಲಸ ಇಷ್ಟೇ ಎಂದು ನೀವು ಚೇಷ್ಟೆ ಮಾಡುತ್ತಿದ್ದಿರಿ. ಇಷ್ಟಾದರೂ ಆಗುತ್ತದೆ.

ಇದೇ ತರದ ಒಂದು ಅಂಗಿಯನ್ನು ಕಳೆದ ಚಳಿಗಾಲದಲ್ಲಿ ಯಜಮಾನಿಗೆ ತೋರಿಸಿದ್ದೆ. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳುವ ಹೆಂಗಸರಿಗೂ ಚೆನ್ನಾಗಿ ಕಾಣುವ ಆಸೆ ಇರುತ್ತದೆ, ನಮ್ಮ ಕಾರ್ಖಾನೆಯ ಅಂಗಡಿಯಲ್ಲಿ ಅವರಿಗೇನೂ ಇಲ್ಲ ಎಂದಿದ್ದೆ. ಅವರು ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ಇದು ಅಂಗಿನೋ ಕಿಟಕಿ ಪರದೆನೋ? ಎಲ್ಲಾ ಮುಚ್ಚಿದ್ಮೇಲೆ ಸ್ಟೈಲ್ ಎಲ್ಲಿ ಬರುತ್ತೆ?” ಎಂದಿದ್ದರು. ಕೆಟ್ಟ ಹೆಂಗಸಲ್ಲ. ಮನಸ್ಸಿಗೆ ಬಂದದ್ದು ಬಾಯಿಗೆ ಬರುವವರೆಗೆ ನಡುವೆ ಎಲ್ಲೂ ನಿಲ್ಲುವುದಿಲ್ಲ, ಅಷ್ಟೇ. ಅದೇ ಗುಣ ನಿನ್ನೆ ನಮ್ಮ ಮನೆಯಲ್ಲಿ ಏನು ಮಾಡಿತು ಎಂದು ಹೇಳಬೇಕು.

ಊಟದ ಮೇಜು ಸಾಲದೆಂದು ನನ್ನ ಬಟ್ಟೆ ಕತ್ತರಿಸುವ ಹಲಗೆಯನ್ನು ಸ್ಟೂಲುಗಳ ಮೇಲಿಟ್ಟು ಬಿಳಿ ಬಟ್ಟೆ ಹಾಸಿದ್ದೆವು. ಖರ್ಜೂರ, ಹೆಚ್ಚಿದ ಹಣ್ಣು, ಬೇಳೆಯ ಸೂಪು, ರೊಟ್ಟಿ. ಕುಡಿಯಲು ದಾಳಿಂಬೆಯದು ಒಂದು, ಪುದೀನ ಹಾಕಿದ ನಿಂಬೆಯದು ಒಂದು, ಶುಂಠಿಯದು ಇನ್ನೊಂದು. ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ, ಈವರೆಗೆ ಪೆಟ್ಟಿಗೆಯಿಂದ ತೆಗೆಯದ ಕಾಲಿರುವ ಗ್ಲಾಸುಗಳನ್ನು ನಿಮ್ಮ ತಂಗಿ ತೊಳೆದಿಟ್ಟಳು. ಆ ಗ್ಲಾಸುಗಳನ್ನು ಯಾಕೆ ಮೇಲೆ ಕಟ್ಟಿಟ್ಟಿದ್ದೆ ಎಂದು ನಿಮಗೆ ಗೊತ್ತು. ತೆಗೆಯುವಾಗ ನನಗೂ ಒಂದು ಕ್ಷಣ ಕೈ ಹಿಂದೆ ಬಂತು. ಮಂದಿ ಒಬ್ಬೊಬ್ಬರಾಗಿ ಬಂದರು. ಏನು ಹಾಕಿಕೊಂಡು ಬರಬೇಕು ಎಂದು ಇಸ್ತ್ರಿಯಾಕೆ ನನ್ನನ್ನು ವಾರವಿಡೀ ಕೇಳಿದ್ದಳು. ನಿನಗೆ ಇಷ್ಟವಾದದ್ದು ಎಂದರೂ ನಂಬದೆ, ಸೆಖೆಯಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಬೆವರುತ್ತ ಕೂತಳು. ಗುಂಡಿ ಅಜ್ಜಿ ನೇರವಾಗಿ ಹೋಗಿ ಅತ್ತೆಯ ಪಕ್ಕ ಕೂತು ಅಂಗಿಯ ಗುಂಡಿ ಮುಟ್ಟಿ ನೋಡಿ, “ಇದು ನಾನು ಹಚ್ಚಿದ್ದಲ್ಲ, ದಾರ ಸಡಿಲ ಇದೆ” ಎಂದರು. ಎಣ್ಣೆಡಬ್ಬಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ನೀರು ಹಚ್ಚಿ ಬಾಚಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಡಬ್ಬಿಯಿಲ್ಲದೆ ಕೈ ಎಲ್ಲಿಡಬೇಕು ಎಂದು ತಿಳಿಯದವರ ಹಾಗೆ ಮಂಡಿಯ ಮೇಲಿಟ್ಟುಕೊಂಡಿದ್ದರು.

ಯಜಮಾನಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲು ತೆಗೆದದ್ದು ಅತ್ತೆ. ಮಿನುಗುವ ಕಾಗದ ಸುತ್ತಿದ ಒಂದು ಉಡುಗೊರೆಯನ್ನು ಅವರ ಕೈಗಿತ್ತರಂತೆ. ಅತ್ತೆ ಕಾಗದ ಬಿಚ್ಚಿದರು, ಮೇಲೆ ದ್ರಾಕ್ಷಿಗೊಂಚಲಿನ ಚಿತ್ರ. ಕನ್ನಡಕ ಹಾಕಿರಲಿಲ್ಲ. ದ್ರಾಕ್ಷಿ ರಸ ತಂದಿದ್ದಾರೆ, ಮರ್ಯಾದೆಯಾಗಿ ಇಡಬೇಕು ಎಂದು ಖರ್ಜೂರದ ತಟ್ಟೆಯ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು. ಅವರನ್ನು ತಪ್ಪು ಎನ್ನಲಾರೆ. ನೀವು ತರುತ್ತಿದ್ದ ಬಾಟಲಿಗಳ ಮೇಲೆ ಹಣ್ಣಿನ ಚಿತ್ರ ಇರುತ್ತಿರಲಿಲ್ಲ. ನಾನು ಸೂಪಿನ ಪಾತ್ರೆ ಹಿಡಿದು ಹೊರಗೆ ಬಂದೆ. ಈ ಮನೆಯ ಅಟ್ಟದಲ್ಲಿ, ನೀರಿನ ಟ್ಯಾಂಕಿನ ಹಿಂದೆ, ನನ್ನ ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಬಾಟಲಿ ಸಿಕ್ಕಾಗಲೆಲ್ಲ ನಾನು ಏನು ಮಾಡಬೇಕೆಂದು ತಿಳಿದಿದ್ದವಳು. ಬಿಳಿ ಬಟ್ಟೆಯ ಮೇಲೆ, ದೀಪದ ಕೆಳಗೆ, ಅತಿಥಿಯ ಹಾಗೆ ನಿಂತ ಬಾಟಲಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಪಾತ್ರೆ ಇಡಲು ಜಾಗ ಹುಡುಕಿದೆ. ಮೇಜಿನ ಜಾಗವನ್ನೆಲ್ಲ ಅದೊಂದೇ ತುಂಬಿಕೊಂಡ ಹಾಗಿತ್ತು. ನಿಮ್ಮ ತಂಗಿ ಮೆಲ್ಲಗೆ, “ಅಮ್ಮಾ, ಅದು ವೈನು” ಎಂದಳು. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಯಜಮಾನಿಯ ಮುಖ ಕೆಂಪಾಯಿತು. “ಅಯ್ಯೋ ದೇವ್ರೇ! ಕೈ ಬೀಸ್ಕೊಂಡು ಬರಬಾರ್ದು ಅಂತ ಬರೋ ದಾರೀಲಿ ತಗೊಂಡೆ. ತಲೆಗೇ ಹೋಗ್ಲಿಲ್ಲ ನೋಡಿ” ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಅವಮಾನವನ್ನು ನಗುವಿನಲ್ಲಿ ಮುಗಿಸೋಣ ಎಂದುಕೊಂಡರೋ ಏನೋ, “ಸರಿ, ನೀವ್ಯಾರೂ ಮುಟ್ಟಬೇಡಿ. ನಿನ್ನ ಯಜಮಾನ್ರಿಗೆ ಎತ್ತಿಡು. ಕಾರ್ಖಾನೆ ವಾರ್ಷಿಕೋತ್ಸವದ ದಿನ ನಮ್ಮ ಜೊತೆ ಎಷ್ಟು ಚೆನ್ನಾಗಿ ನಗ್ತಾ ಕೂತಿದ್ರು! ತರಬೇತಿ ಮುಗಿಸ್ಕೊಂಡು ಬರೋದು ಯಾವಾಗ?” ಎಂದು ಕೇಳಿದರು. ಇನ್ನೇನು ಮುಗಿಯಿತು, ಬಂದುಬಿಡುತ್ತಾರೆ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಹೇಳಿ ಹೇಳಿ ಅಭ್ಯಾಸವಾಗಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. ದಿನವಿಡೀ ನೀರು ಕಾಣದ ಗಂಟಲು, ದನಿ ಒಣಗಿತ್ತು. “ಉಪವಾಸ ಇನ್ನೂ ಬಿಟ್ಟಿಲ್ಲ. ಉಪವಾಸದ ಬಾಯಲ್ಲಿ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ನನ್ನ ಮಗ ತರಬೇತಿಗೆ ಹೋಗಿಲ್ಲ. ಕುಡೀತಿದ್ದ. ಬಹಳ ಕುಡೀತಿದ್ದ. ಬಿಡಿಸ್ಕೊಳ್ಳೋಕೆ ಹೋಗಿದಾನೆ. ತಾನಾಗೇ ಹೋದ, ನಾವು ಕಳಿಸಿದ್ದಲ್ಲ.” ಅಷ್ಟು ಹೇಳಿ, ಹೊಸ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಕೂತರು. ಆ ಕೊನೆಯ ಮಾತನ್ನು ಹೇಳುವಾಗ ಅವರ ಕತ್ತು ನೆಟ್ಟಗಿತ್ತು ಎಂಬುದನ್ನು ನಿಮಗೆ ತಿಳಿಸಬೇಕು ಅನ್ನಿಸಿತು.

ಯಜಮಾನಿ ಎದ್ದು ಬಾಟಲಿಯ ಕುತ್ತಿಗೆ ಹಿಡಿದು, ಬಾಗಿಲ ಹತ್ತಿರ ಕೂತಿದ್ದವರಿಗೆ ಚಾಚಿ, “ಡಬ್ಬಿ, ಇದನ್ನ ಒಂಚೂರು ನನ್ನ ಕಾರಲ್ಲಿಟ್ಟು ಬಾಪ್ಪಾ” ಎಂದರು. ಎಣ್ಣೆಡಬ್ಬಿಯವರು ಎದ್ದು ನಿಂತರು. ನಿಂತವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಅದನ್ನ ನನ್ನ ಕೈಗೆ ಕೊಡಬೇಡಿ ಮೇಡಂ. ಈ ಕೈ ಅದನ್ನ ಮರೆತು ಬಹಳ ವರ್ಷ ಆಯ್ತು. ನೆನಪಿಸೋದು ಬೇಡ.” ಮಾತು ಅಷ್ಟೇ. ಇಸ್ತ್ರಿಯಾಕೆ ನನ್ನ ಕಡೆ ನೋಡಿದಳು, ನಾನು ಸೂಪಿನ ಕಡೆ ನೋಡಿದೆ. ಹೋಟೆಲಿನ ಕೂಟಕ್ಕೆ ಆ ಮನುಷ್ಯ ಯಾಕೆ ಬರುತ್ತಿರಲಿಲ್ಲ ಎಂದು ಕೇಳುವ ಮನಸ್ಸು ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಯಜಮಾನಿ ತಾವೇ ಬಾಟಲಿಯನ್ನು ದುಪಟ್ಟಾದೊಳಗೆ ಸುತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅವರ ಚಪ್ಪಲಿಯ ಸದ್ದು ಕೆಳಗೆ ಮುಟ್ಟುವಷ್ಟರಲ್ಲಿ ಮಸೀದಿಯಿಂದ ಹೊತ್ತು ಮುಳುಗಿದ ಅಜಾನ್ ಆಯಿತು. ಅತ್ತೆ ಖರ್ಜೂರದ ತಟ್ಟೆ ಎತ್ತಿ, ಮೊದಲು ಎಣ್ಣೆಡಬ್ಬಿಯವರ ಮುಂದೆ ಹಿಡಿದರು. ಅವರು ಬೆನ್ನ ಹಿಂದಿನಿಂದ ಕೈ ತೆಗೆದರು.

ಆಮೇಲಿನದು ಸಾಮಾನ್ಯ ಊಟದ ಹಾಗೇ ನಡೆಯಿತು, ಅದೇ ನನಗೆ ವಿಚಿತ್ರವೆನಿಸಿದ್ದು. ಆಕಾಶ ಕಳಚಿ ಬೀಳಲಿಲ್ಲ. ನಾವು ನಮಾಜು ಮುಗಿಸಿ ಬರುವವರೆಗೆ ಉಳಿದವರು ದನಿ ತಗ್ಗಿಸಿ ಕೂತಿದ್ದರು. ಬಂದ ಮೇಲೆ ಗುಂಡಿ ಅಜ್ಜಿ ದಾಳಿಂಬೆಯ ಗ್ಲಾಸು ಎತ್ತಿ ಹಿಡಿದು, ತಮ್ಮ ಬೀಳ್ಕೊಡುಗೆಯ ಭಾಷಣವನ್ನು ತಾವೇ ಮಾಡಿಕೊಂಡರು: “ನಾನು ಹಚ್ಚಿದ ಗುಂಡಿ ಕಿತ್ತು ಬಂದಿದೆ ಅಂತ ಯಾರಾದ್ರೂ ತಂದ್ರೆ, ನಾನು ಸತ್ತಿದೀನಿ ಅಂತ ಹೇಳಿ.” ಎಲ್ಲರೂ ನಕ್ಕರು, ಯಾರಿಗೂ ಅಮಲಿರಲಿಲ್ಲ. ಯಜಮಾನಿಯೂ ಕೆಳಗಿನಿಂದ ಮರಳಿ ಬಂದು ಊಟಕ್ಕೆ ಕೂತಿದ್ದರು. ಅವರ ದುಪಟ್ಟಾ ಎರಡು ಸಲ ಸೂಪಿಗೆ ಬಿತ್ತು. ಅದು ಜಾರದ ಹಾಗೆ ನಾನು ಒಂದು ಒತ್ತುಗುಂಡಿ ತಂದು ಭುಜದ ಹತ್ತಿರ ಒಳಗಡೆ ಹಚ್ಚಿಕೊಟ್ಟೆ. ಆಮೇಲೆ ಅವರ ಕಣ್ಣು ಅತ್ತೆಯ ಅಂಗಿಯ ಮೇಲೇ ಇತ್ತು. ಅತ್ತೆ ಸಂಜೆಯೆಲ್ಲ ಬಡಿಸಿದರು, ತೋಳು ಒಂದು ಹನಿ ನೆನೆಯಲಿಲ್ಲ. ತಟ್ಟೆ ತರಲು ತಿರುಗಿದಾಗ ಬೆನ್ನಿನ ನೆರಿಗೆ ಬಿಚ್ಚಿ ಮುಚ್ಚಿತು. “ಇದು ನೀನು ಆವತ್ತು ತೋರಿಸಿದ್ದೇ ಅಲ್ವಾ?” ಎಂದು ನನ್ನನ್ನು ಕೇಳಿದರು. ಅದೇ ಎಂದೆ. “ಹ್ಯಾಂಗರಲ್ಲಿ ಹೀಗೆ ಕಾಣಿಸ್ಲಿಲ್ಲ.” ಹ್ಯಾಂಗರಿಗೆ ಬೆನ್ನಿಲ್ಲವಲ್ಲ ಎಂದೆ. ಅಂಗಡಿಯ ಮುಂದಿನ ಗಾಜಿನಲ್ಲಿ ಇಡಲು ಒಂದಷ್ಟು ಅಂಗಿ ಮಾಡಿಕೊಡು, ಕತ್ತರಿಸುವುದು ನೀನೇ, ಬಣ್ಣ ಆರಿಸುವುದೂ ನೀನೇ ಎಂದರು. ಅತ್ತೆಯದೊಂದು ಫೋಟೋ ಬೇಕೆಂದಾಗ ಮಾತ್ರ ಅತ್ತೆ, “ಬಟ್ಟೆ ನೋಡ್ಕೊಳ್ಳಿ, ಮುಖ ಯಾಕೆ?” ಎಂದು ಬೆನ್ನು ತಿರುಗಿಸಿ ನಿಂತರು. ಯಜಮಾನಿ ಬೆನ್ನಿನದೇ ತೆಗೆದುಕೊಂಡರು. ಸಂತೋಷವಾಯಿತೇ ಎಂದು ನೀವು ಕೇಳಬಹುದು. ಆಯಿತು. ಆದರೆ ಆ ಹೊತ್ತಿನಲ್ಲಿ ಅದು ಪಕ್ಕದ ಮನೆಯವರ ಸಂತೋಷದ ಹಾಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಎಲ್ಲರೂ ಹೊರಟ ಮೇಲೂ ಎಣ್ಣೆಡಬ್ಬಿಯವರು ಹಲಗೆ ಎತ್ತಿಡಲು ನಿಂತರು. ಅತ್ತೆ ಅವರನ್ನು ಬಿಡಲಿಲ್ಲ. ಬಿಟ್ಟದ್ದು ಹೇಗೆ, ಮತ್ತೆ ಹತ್ತಲಿಲ್ಲವಾ, ಹೆಂಡತಿ ಇದ್ದಳಾ ಹೋದಳಾ, ಎಲ್ಲವನ್ನೂ ನೇರವಾಗಿ ಕೇಳಿದರು. ಅವರೂ ನೇರವಾಗಿಯೇ ಹೇಳಿದರು. ಹೆಂಡತಿ ಹೋದಳಂತೆ, ಮರಳಿ ಬರಲಿಲ್ಲವಂತೆ. ಇದನ್ನು ಅವರು ಹೇಳುವಾಗ ನಾನು ಗ್ಲಾಸು ಒರೆಸುತ್ತಿದ್ದೆ, ತಲೆ ಎತ್ತಲಿಲ್ಲ. “ಬಿಡೋದೇನೋ ಅಲ್ಲಿ ಒಳಗೆ ಬಿಟ್ಬಿಡಬಹುದಮ್ಮಾ. ಹೊರಗೆ ಬಂದ್ಮೇಲೆ ಸಂಜೆ ಆಗುತ್ತಲ್ಲ, ಅದೇ ಕಷ್ಟ. ಯಾರ ಮದ್ವೆ ಆದ್ರೂ, ಯಾರ ಪ್ರಮೋಷನ್ ಆದ್ರೂ ಅದೇ ಬಾಟ್ಲಿ. ಬರಲ್ಲ ಅಂದ್ರೆ ಜಿಪುಣ. ನಂಗೆ ಇಷ್ಟು ವರ್ಷದಲ್ಲಿ ಹತ್ತು ಜನರ ಮಧ್ಯೆ ಹೆದರಿಕೆ ಇಲ್ದೆ ಕೂತು ಉಂಡಿದ್ದು ಇವತ್ತೇ.” ಅತ್ತೆ ಏನೂ ಯೋಚಿಸದೆ, “ಹಾಗಾದ್ರೆ ಮುಂದಿನ ಶುಕ್ರವಾರನೂ ಬಾ” ಎಂದರು. ಉಪವಾಸದ ತಿಂಗಳು ಮುಗಿದ ಮೇಲೂ ಶುಕ್ರವಾರಗಳು ಬರುತ್ತವಲ್ಲ, ಆಗಲೂ ಬಾ ಎಂದರು. ನನ್ನನ್ನು ಕೇಳಲಿಲ್ಲ. ಸೂಪು ಮಾಡುವವಳು ನಾನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅಂತೂ ಇನ್ನು ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಮಂದಿ ಇರುತ್ತಾರೆ.

ಒಂದೇ ಸಂಜೆಯಲ್ಲಿ ಎಲ್ಲ ಸರಿಹೋಯಿತು ಎಂದು ಬರೆಯುವುದಿಲ್ಲ. ನಿಮ್ಮ ಮೇಲಿನ ಸಿಟ್ಟು ಎಲ್ಲಿತ್ತೋ ಅಲ್ಲೇ ಇದೆ, ಹುಡುಕಿದರೆ ಕೈಗೆ ಸಿಗುತ್ತದೆ. ಎಣ್ಣೆಡಬ್ಬಿಯವರ ಹೆಂಡತಿ ಮರಳಿ ಬರಲಿಲ್ಲ ಎಂದು ಕೇಳಿದಾಗ, ಅವಳು ಯಾರೋ ನನಗೆ ಗೊತ್ತಿಲ್ಲ, ಆದರೂ ಅವಳನ್ನು ತಪ್ಪೆನ್ನಲು ಮನಸ್ಸು ಬರಲಿಲ್ಲ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಕಾಗದ ಪೂರ್ತಿಯಾಗುವುದಿಲ್ಲ. ಇವತ್ತು ಬೆಳಿಗ್ಗೆ ಅತ್ತೆ ನೀಲಿ ಅಂಗಿ ತೊಟ್ಟು, ಎಷ್ಟೋ ದಿನದ ಮೇಲೆ, ಹಣ್ಣು ತರಲು ತಾವೇ ಬೀದಿಗೆ ಹೋಗಿದ್ದಾರೆ. ಕಿಟಕಿಯಿಂದ ನೋಡುತ್ತಿದ್ದೇನೆ. ಎದುರು ಮನೆಯಾಕೆ ತಡೆದು ಏನೋ ಕೇಳುತ್ತಿದ್ದಾಳೆ. ಅತ್ತೆ ಗಡಿಬಿಡಿಯಿಲ್ಲದೆ ನಿಂತು ಉತ್ತರ ಹೇಳುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಅಮ್ಮನ ದುಆ, ತಂಗಿಯ ಸಲಾಮು. ದೇವರು ನಿಮ್ಮ ಕಣ್ಣಿಗೆ ನಿದ್ದೆ ಕೊಡಲಿ.

ಇಂತು,
ನೀವೇ ಹೆಸರಿಟ್ಟ ಹಾಗೆ,
ಕತ್ತರಿ

ಮರೆತ ವಿಷಯ: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಈ ತಿಂಗಳ ಕೊನೆಯ ಶುಕ್ರವಾರ ಒಂದು ದಿನದ ಮಟ್ಟಿಗೆ ಮನೆಗೆ ಹೋಗಿ ಬರಬಹುದು ಎಂದರೆ, ನೀವು ಬೇಡ ಎಂದಿರಂತೆ. ಹೋದರೆ ಜನರಿಗೆ ಏನು ಹೇಳಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿದಿರಂತೆ. ಏನೂ ಹೇಳಬೇಕಾಗಿಲ್ಲ. ನಿಮ್ಮ ಅಮ್ಮ ಹೇಳಿಯಾಗಿದೆ. ಎಣ್ಣೆಡಬ್ಬಿಯವರು ಕರೆತರಲು ಬರುತ್ತಾರೆ, ಹೊತ್ತು ಮುಳುಗುವ ಮೊದಲು ಮನೆ ಸೇರಿ.